ಯಾರ ಮಗಳವ್ವ ನೀನು?

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಟೇಬಲ್ ಮೇಲೆ ಹರಡ್ಕೊಂಡು ಕೂತಾಗ ಒಂದು ವಿಷ್ಯ ಕಣ್ಣಿಗೆ ಬಿತ್ತು. ಬರೆದೋರು ಬೇರೆ ಬೇರೆ ವಯಸ್ಸಿನವ್ರು, ಬೇರೆ ಬೇರೆ ಕಷ್ಟ, ಆದ್ರೆ ಎಲ್ರ ಸಂಕಟಾನೂ ಜನ ತಮ್ಮನ್ನ ಏನಂತ ಕರೀತಾರೆ ಅನ್ನೋದರ ಸುತ್ತಾನೇ ಸುತ್ತುತ್ತೆ. ನಾನು ಮಂಡ್ಯ ಕಡೆ ಹಳ್ಳೀಲಿ ಬೆಳೆದೋಳು, ಅಲ್ಲಿ ಬಸ್ ಇಳಿದ ತಕ್ಷಣ ಅರಳಿಕಟ್ಟೇಲಿ ಕೂತಿರೋ ಅಜ್ಜ ಕೇಳೋ ಮೊದಲನೇ ಪ್ರಶ್ನೆ "ಯಾರ ಮಗಳವ್ವ ನೀನು?" ಹೆಸರು ಏನು ಅನ್ನೋದು ಆಮೇಲೆ, ಎಷ್ಟೋ ಸಲ ಅದನ್ನ ಕೇಳೋದೇ ಇಲ್ಲ. ಮೈಸೂರಲ್ಲಿ ಮೂವತ್ತೈದು ವರ್ಷ ಸೈಕಾಲಜಿ ಪಾಠ ಮಾಡಿ ರಿಟೈರ್ ಆದ್ಮೇಲೂ ಊರಿಗೆ ಹೋದ್ರೆ ನಂಗೆ ಅದೇ ಪ್ರಶ್ನೆ, ಈಗ ಕೇಳೋ ಅಜ್ಜ ನನಗಿಂತ ಚಿಕ್ಕವನು ಅಷ್ಟೇ.

ಪ್ರಶ್ನೆ: ಮೇಡಂ, ನನಗೆ 27, ಮದ್ವೆ ಆಗಿ ಎಂಟು ತಿಂಗ್ಳಾಯ್ತು. ತವರು ಮಂಡ್ಯ ತಾಲ್ಲೂಕಿನ ಹಳ್ಳಿ, ಈಗ ಕುವೆಂಪುನಗರದಲ್ಲಿ ಅತ್ತೆ ಮಾವನ ಜೊತೆ ಇದ್ದೀವಿ, ಹೂಟಗಳ್ಳಿ ಕಡೆ ಕಂಪನೀಲಿ ಅಕೌಂಟ್ಸ್ ಕೆಲಸ. ಆಧಾರ್‌ನಲ್ಲಿ ಇನಿಷಿಯಲ್ ತೆಗೆಸಿ ಗಂಡನ ಹೆಸ್ರು ಸೇರಿಸ್ಕೋ ಅಂತ ಅತ್ತೆ ದಿನಾ ಹೇಳ್ತಾರೆ. ಬಾಯಿತಪ್ಪಿ "ಐತೆ", "ಆಲು" ಅಂದ್ಬಿಟ್ರೆ ನಾದಿನಿ ನಗ್ತಾಳೆ, ಅದಕ್ಕೇ ಮನೇಲಿ ಮಾತೇ ಕಮ್ಮಿ ಮಾಡ್ಬಿಟ್ಟಿದ್ದೀನಿ. ಊರಿಗೆ ಹೋದ್ರೆ ಅವ್ವ "ಏನವ್ವ, ಮೈಸೂರವ್ರ ಥರ ಮಾತಾಡ್ತೀಯ" ಅಂತಾಳೆ, ಅಲ್ಲೂ ನಂಗೆ ನೆಂಟರ ತಟ್ಟೆ. ಆಫೀಸಲ್ಲಿ ಇನ್ನೊಂಥರ ಇರ್ತೀನಿ. ಇದ್ರಲ್ಲಿ ನಿಜವಾದ ನಾನು ಯಾವ್ದು?
(ಹೆಸರು ಬೇಡ ಅಂದಿದ್ದಾರೆ, ಮೈಸೂರು)

ಉತ್ತರ: ನೆಂಟರ ತಟ್ಟೆ ಅಂದ್ರಲ್ಲ, ಅದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ಕಣಮ್ಮ. ನಂದೂ ಒಂದು ಕತೆ ಹೇಳ್ತೀನಿ, ಮೊದ್ಲು ಅದನ್ನ ಕೇಳ್ಬಿಡು.

ನನ್ನ ಹೆಸರಿನ ಮುಂದೆ ಎರಡು ಅಕ್ಷರ ಇತ್ತು, ಒಂದು ಊರಿಂದು ಒಂದು ಅಪ್ಪಂದು. 1986ರಲ್ಲಿ ಮದ್ವೆ ರಜ ಮುಗಿಸ್ಕೊಂಡು ಕಾಲೇಜಿಗೆ ಬಂದು ಹಾಜರಿ ಪುಸ್ತಕ ತೆಗೆದ್ರೆ ಆ ಎರಡಕ್ಷರ ಇಲ್ಲ, ಅಲ್ಲಿ ನಮ್ಮೆಜಮಾನ್ರ ಹೆಸರು. ಆಫೀಸಲ್ಲಿ ಕೂತಿದ್ದೋರು ತಾವಾಗೇ ಬದಲಾಯ್ಸಿ "ಸ್ವೀಟ್ ಎಲ್ಲಿ ಮೇಡಂ" ಅಂತ ಬೇರೆ ಕೇಳಿದ್ರು. ನಾನು ನಕ್ಕು ಸೈನ್ ಮಾಡ್ದೆ. ಅದರ ಬಿಲ್ಲು ಬಂದಿದ್ದು 2019ರಲ್ಲಿ, ಪೆನ್ಶನ್ ಫೈಲಲ್ಲಿ. ಡಿಗ್ರಿ ಸರ್ಟಿಫಿಕೇಟಲ್ಲಿ ಒಬ್ಳು, ಸರ್ವಿಸ್ ಬುಕ್ಕಲ್ಲಿ ಇನ್ನೊಬ್ಳು, ಇಬ್ರೂ ಒಬ್ಳೇ ಅಂತ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಕೊಟ್ಟು ನಾಲ್ಕು ತಿಂಗ್ಳು ಅಲೆದೆ. ಅಲೆದಿದ್ದಕ್ಕೆ ಬೇಜಾರಿಲ್ಲ. ಅವತ್ತು ನನ್ನನ್ನ ಯಾರೂ ಕೇಳ್ಲಿಲ್ಲ, ಸರಿ, ನಾನೂ ನನ್ನನ್ನ ಕೇಳ್ಕೊಳ್ಲಿಲ್ವಲ್ಲ ಅನ್ನೋದು ಈಗ್ಲೂ ಚುಚ್ಚುತ್ತೆ.

ಕಾನೂನಿನ ವಿಷ್ಯ ಒಂದೇ ಮಾತಲ್ಲಿ ಹೇಳ್ತೀನಿ: ಮದ್ವೆ ಆದ್ಮೇಲೆ ಹೆಂಡ್ತಿ ಹೆಸರು ಬದಲಾಯಿಸ್ಲೇಬೇಕು ಅನ್ನೋ ಕಾನೂನು ನಮ್ಮ ದೇಶದಲ್ಲಿಲ್ಲ. ಬದಲಾಯಿಸ್ಕೊಂಡ್ರೂ ತಪ್ಪೇನಿಲ್ಲ. ಆದ್ರೆ ನಿನ್ನ ಹಳೇ ಇನಿಷಿಯಲ್ಲನ್ನ ಸ್ವಾತಂತ್ರ್ಯದ ಬಾವುಟ ಅಂತ ಅಂದ್ಕೊಳೋಕೆ ಮುಂಚೆ ಸ್ವಲ್ಪ ನೋಡು, ಅದರಲ್ಲೂ ಊರು ಇದೆ, ಅಪ್ಪ ಇದಾನೆ, ನಿನ್ನ ಹೊತ್ತು ಹೆತ್ತ ಅವ್ವನ ಒಂದಕ್ಷರಾನೂ ಇಲ್ಲ. ಈ ಗಂಡಸಿನ ಹೆಸರಾ ಆ ಗಂಡಸಿನ ಹೆಸರಾ ಅನ್ನೋ ಆಯ್ಕೆ ಅದು. ಅದಕ್ಕೇ ಯಾವುದು ಇಟ್ಕೊಂಡೆ ಅನ್ನೋದಕ್ಕಿಂತ ಯಾರು ತೀರ್ಮಾನ ಮಾಡಿದ್ರು ಅನ್ನೋದು ನಂಗೆ ಮುಖ್ಯ ಅನ್ಸುತ್ತೆ. "ಐಡೆಂಟಿಟಿ ಕ್ರೈಸಿಸ್" ಅನ್ನೋ ಮಾತನ್ನ ಚಲಾವಣೆಗೆ ತಂದ ಎರಿಕ್ ಎರಿಕ್ಸನ್ ಅಂತ ಮನಃಶಾಸ್ತ್ರಜ್ಞ ಇದ್ರಲ್ಲ, 1902ರಲ್ಲಿ ಜರ್ಮನೀಲಿ ಹುಟ್ಟಿದೋರು, ಅವ್ರಿಗೆ ಹೆತ್ತ ಅಪ್ಪ ಯಾರು ಅಂತ್ಲೇ ಕೊನೇವರ್ಗೂ ಗೊತ್ತಾಗ್ಲಿಲ್ಲ, ಮಲತಂದೆ ಹೆಸರು ಹೋಂಬರ್ಗರ್ ಅಂತ ಇಟ್ಕೊಂಡು ಬೆಳೆದ್ರು. 1939ರಲ್ಲಿ ಅಮೆರಿಕದ ಪೌರತ್ವ ಸಿಕ್ಕಾಗ ಎರಿಕ್ಸನ್ ಅಂತ ಹೆಸರಿಟ್ಕೊಂಡ್ರು, ಅಂದ್ರೆ ಎರಿಕ್‌ನ ಮಗ. ತನಗೆ ತಾನೇ ಅಪ್ಪ ಆದ ಹಾಗೆ! "ಯಾರ ಮಗ" ಅನ್ನೋ ಪ್ರಶ್ನೆಗೆ ಹೀಗೂ ಒಂದು ಉತ್ತರ ಕೊಡಬಹುದು ನೋಡು.

ತವರಲ್ಲಿ ನೆಂಟಳಾದೆ ಅನ್ನೋದರ ಬೇರು ಇನ್ನೂ ಆಳದಲ್ಲಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ ಕಟ್ಟಿದ ಜನ ನಾವು. ಆದ್ರೆ ಕಾನೂನು ಹಾಗೆ ಹೇಳಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತೀಲಿ ಮಗಳಿಗೂ ಮಗನ ಥರಾನೇ ಹುಟ್ಟಿನಿಂದ್ಲೇ ಹಕ್ಕು, 2020ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಖಚಿತ ಮಾಡ್ತು, ಆ ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ. ಆಸ್ತಿ ಕೇಳು ಅಂತ ನಿಂಗೆ ಹೇಳ್ತಿಲ್ಲ. ಪಹಣಿ ವಿಷ್ಯದಲ್ಲಿ ಒಳಗಿರೋಳು ಊಟದ ತಟ್ಟೆ ವಿಷ್ಯದಲ್ಲಿ ಹೊರಗ್ಯಾಕೆ ಅಂತ ಅವ್ವನ ಹತ್ರ ನಗ್ತಾ ಕೇಳು, ಮುಂದಿನ ಸಲ ನೀನೇ ಅಡುಗೆಮನೆಗೆ ಹೋಗಿ ಮುದ್ದೆ ಕಟ್ಟು, ನೆಂಟರ ತಟ್ಟೆ ತಾನಾಗೇ ಅಟ್ಟ ಸೇರುತ್ತೆ.

ಇನ್ನು ನಿನ್ನ ನಾದಿನಿಗೆ ಒಂದು ಪಾಠ. ನೀನು "ಆಲು" ಅಂದ್ರೆ ನಗ್ತಾಳಲ್ಲ, ಹಳಗನ್ನಡದಲ್ಲಿ ಅದು "ಪಾಲ್". ಆಮೇಲೆ ಪಕಾರ ಹೋಗಿ ಹಕಾರ ಬಂದು "ಹಾಲು" ಆಯ್ತು, ಮಂಡ್ಯ ಕಡೆ ಆ ಹಕಾರಾನೂ ಉದುರಿ "ಆಲು" ಆಯ್ತು. ಪಂಪನ ಕಾಲದೋರು ಯಾರಾದ್ರೂ ಎದ್ದು ಬಂದ್ರೆ ನಿಮ್ಮ ನಾದಿನಿ "ಹಾಲು" ಅನ್ನೋದನ್ನ ಕೇಳಿ ಅವ್ರೂ ನಕ್ಕಾರು! ಮೈಸೂರಿನ ಮಾತು ಪಠ್ಯಪುಸ್ತಕಕ್ಕೆ ಹತ್ರ ಇದೆ ಅಂತ ಅದೇ ಶುದ್ಧ ಅನ್ನೋ ಜಂಬ ನಮ್ಮೂರಲ್ಲಿ ಬಹಳ ಇದೆ, ನಾನೂ ಆ ಜಂಬಕ್ಕೆ ಹೆದರಿ ಹತ್ತು ವರ್ಷ "ಐತೆ"ಯನ್ನ ಬಾಯೊಳಗೇ ನುಂಗಿದ್ದೆ. ನೀನು ಮಾತು ಕಮ್ಮಿ ಮಾಡಿದೆ ಅಂದ್ಯಲ್ಲ, ಈ ಪತ್ರದಲ್ಲಿ ನಂಗೆ ನಿಜವಾಗ್ಲೂ ಗಾಬರಿ ಆಗಿದ್ದು ಅದೊಂದಕ್ಕೇ. ಹೆಸರು ಹೋದ್ರೆ ಅಫಿಡವಿಟ್ ಮಾಡಿಸ್ಬೋದು.

ನಿಜವಾದ ನಾನು ಯಾವ್ದು ಅನ್ನೋದಕ್ಕೆ: 1991ರಲ್ಲಿ ಹೇಜೆಲ್ ಮಾರ್ಕಸ್, ಶಿನೋಬು ಕಿತಾಯಾಮ ಅಂತ ಇಬ್ರು ಮನಃಶಾಸ್ತ್ರಜ್ಞರು ಅಮೆರಿಕ ಜಪಾನ್ ಎರಡನ್ನೂ ಇಟ್ಕೊಂಡು ಒಂದು ಮಾತು ಹೇಳಿದ್ರು. ಕೆಲವು ಸಮಾಜದಲ್ಲಿ "ನಾನು" ಅಂದ್ರೆ ಎಲ್ಲಿ ಹೋದ್ರೂ ಬದಲಾಗದ ಒಂದು ಗಟ್ಟಿ ವಸ್ತು, ಇನ್ನು ಕೆಲವು ಕಡೆ "ನಾನು" ಅಂದ್ರೆ ಎದುರಿಗಿರೋರ ಜೊತೆ ಇರೋ ಸಂಬಂಧ, ಆ ಸಂಬಂಧ ಬದಲಾದ ಹಾಗೆ ನಾನೂ ಸ್ವಲ್ಪ ಬದಲಾಗ್ತೀನಿ. ನಾವು ಬಹುಪಾಲು ಎರಡನೇ ಕಡೆಯೋರು. ಹಾಗಾಗಿ ಮೂರು ಕಡೆ ಮೂರು ಥರ ಇದ್ದೀನಿ ಅಂತ ನೀನು ಸುಳ್ಳುಗಾತಿ ಆಗಲ್ಲ. ಯಾವ ಜಾಗದಲ್ಲಿ ಉಸಿರು ಕಟ್ಟುತ್ತೆ ಅಂತ ಮಾತ್ರ ಗಮನಿಸ್ಕೋ. ಆಮೇಲೆ ಒಂದು ಮಧ್ಯಾಹ್ನ ಬಿಡುವಾಗಿದ್ದಾಗ ನಿಮ್ಮತ್ತೇನ ಕೇಳು, "ಅತ್ತೆ, ಮದ್ವೇಗೆ ಮುಂಚೆ ನಿಮ್ಮ ಇನಿಷಿಯಲ್ ಏನಿತ್ತು?" ಉತ್ತರ ಏನು ಬಂತು ಅಂತ ನಂಗೂ ಬರೆದು ತಿಳ್ಸು. ಆಧಾರ್ ವಿಷ್ಯ ಅವರ ಹತ್ರ ಮಾತಾಡೋ ಕೆಲಸ ನಿನ್ನ ಗಂಡಂದು, ಅವನು ನಿನ್ನ ಪತ್ರದಲ್ಲಿ ಎಲ್ಲೂ ಕಾಣ್ಲಿಲ್ವಲ್ಲ?

ಪ್ರಶ್ನೆ: ಮೇಡಮ್ಮೋರೆ, ನಂಗೆ ಮೂವತ್ಮೂರು. ಮದ್ದೂರು ತಾಲ್ಲೂಕು, ಎರಡೂವರೆ ಎಕರೆ ನಾಲೆ ನೀರಿನ ಗದ್ದೆ, ಕಬ್ಬು ಭತ್ತ, ನಾಕು ಅಸ ಅವೆ. ಡಿಪ್ಲೊಮಾ ಓದಿ ಬೆಂಗ್ಳೂರಲ್ಲಿ ನಾಕು ವರ್ಸ ಕಂಪನೀಲಿದ್ದೆ, ಸಾಕಾಗಿ ನಾನೇ ಬಿಟ್ಬಂದೆ. ಹೆಣ್ಣು ಕೊಡ್ತಿಲ್ಲ. ಈಗ ಬಯೋಡೇಟಾದಲ್ಲಿ ಬೆಂಗ್ಳೂರಲ್ಲಿ ಕೆಲ್ಸ ಅಂತ ಬರ್ಸವ್ರೆ ನಮ್ಮಪ್ಪ. ಊರಲ್ಲಿ ಯಾವ ಮದ್ವೆಗೋದ್ರೂ "ನಿಂದ್ಯಾವಾಗ್ಲಾ" ಅಂತಾರೆ, ಓಗದೇ ಬಿಟ್ಟಿದೀನಿ. ನಾನು ಗಂಡ್ಸೇ ಅಲ್ವೇನೋ ಅನ್ನಂಗಾಗದೆ. ತಂಗೀನ ಬೆಂಗ್ಳೂರು ಎಂಜಿನಿಯರ್‌ಗೆ ಕೊಟ್ಟು ಚೆನ್ನಾಗವ್ಳೆ.

ಉತ್ತರ: ನಿಮ್ಮ ಕೊನೇ ಸಾಲಲ್ಲೇ ಅರ್ಧ ಉತ್ತರ ಇದೆಯಲ್ಲಪ್ಪ! ನಿಮ್ಮನೆ ಹೆಣ್ಣನ್ನ ಬೇಸಾಯಗಾರನಿಗೆ ಕೊಡ್ಲಿಲ್ಲ, ಬೇರೆ ಮನೆಯವ್ರೂ ಕೊಡ್ತಿಲ್ಲ. ಬೈತಿಲ್ಲ, ನಮ್ಮಪ್ಪನೂ ಅದನ್ನೇ ಮಾಡಿದ್ದು, ನನ್ನನ್ನ ಗದ್ದೆ ಕಡೆ ಕೊಡ್ಲಿಲ್ಲ.

ನೀವೊಬ್ರೇ ಅಲ್ಲ ಅಂತ ನಿಮಗೂ ಗೊತ್ತು. 2022ರ ನವೆಂಬರಲ್ಲಿ ಆದಿಚುಂಚನಗಿರೀಲಿ ನಡೆದ ವಧು ವರರ ಸಮಾವೇಶಕ್ಕೆ ಹುಡುಗರು ಸಾವಿರ ಸಾವಿರ ಬಂದ್ರು, ಹುಡುಗೀರು ಕೆಲವೇ ನೂರು. 2023ರ ಫೆಬ್ರವರೀಲಿ ನಿಮ್ಮ ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ್ಲೇ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಡ್ತು, ದೇಶವೆಲ್ಲಾ ನಗ್ತಾ ಆ ಸುದ್ದಿ ಓದ್ತು, ನಂಗೆ ನಗು ಬರ್ಲಿಲ್ಲ. ಅದೇ ವರ್ಷದ ಕೊನೇಲಿ ಮಂಡ್ಯ ತಾಲ್ಲೂಕಿನ ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮಿಷಿನ್ ಇಟ್ಕೊಂಡು ಹೊಟ್ಟೇಲಿರೋದು ಗಂಡೋ ಹೆಣ್ಣೋ ನೋಡಿ ಹೇಳ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸೋ ಜಾಗದಲ್ಲಿ! ಲಿಂಗ ಪತ್ತೆ ತಡೆಯೋ ಕಾಯ್ದೆ ಬಂದಿದ್ದೇ 1994ರಲ್ಲಿ, ನಿಮ್ಮ ವಾರಿಗೆಯವ್ರು ಹುಟ್ತಿದ್ದ ಕಾಲ ಅದು, ಅಂದ್ರೆ ಈ ಚಾಳಿ ನಿಮ್ಮಷ್ಟೇ ಹಳೇದು. ಹೆಣ್ಣು ಬೇಡ ಅಂದ ಅದೇ ಅರಳಿಕಟ್ಟೆ ಈಗ ನಿಮ್ಮನ್ನ "ನಿಂದ್ಯಾವಾಗ್ಲಾ" ಅಂತ ಕೇಳ್ತಿರೋದು.

ಈಗ ಬಯೋಡೇಟಾ ವಿಷ್ಯ. ಜೇಮ್ಸ್ ಮಾರ್ಸಿಯಾ ಅಂತ ಒಬ್ರು 1966ರಲ್ಲಿ ಎರಿಕ್ಸನ್ ಮಾತನ್ನೇ ಮುಂದುವರ್ಸಿ ಒಂದು ಭೇದ ತೋರ್ಸಿದ್ರು, ಅಪ್ಪ ಅಮ್ಮ ಕೊಟ್ಟ ಗುರುತನ್ನ ತಿರುಗಿಸಿ ಮುರುಗಿಸಿ ನೋಡ್ದೇ ಹಾಗೇ ಹಾಕ್ಕೊಂಡೋರು ಒಂದು ಥರ, ಹುಡುಕಿ ಅಲೆದು ಒದ್ದಾಡಿ ಆಮೇಲೆ ಇದು ನಂದು ಅಂತ ಹಿಡ್ಕೊಂಡೋರು ಇನ್ನೊಂದು ಥರ ಅಂತ. ನಾನು ಕ್ಲಾಸಲ್ಲಿ ಇದನ್ನ ರೆಡಿಮೇಡ್ ಅಂಗಿ, ಅಳತೆ ಕೊಟ್ಟು ಹೊಲಿಸಿದ ಅಂಗಿ ಅಂತ ಹೇಳ್ತಿದ್ದೆ. ನಿಮ್ಮ ಬೇಸಾಯ ಹೊಲಿಸಿದ ಅಂಗಿ ಕಣಪ್ಪ. ನಿಮ್ಮಪ್ಪನ ಗದ್ದೇನೇ ಆದ್ರೂ ನೀವು ಬೆಂಗ್ಳೂರು ನೋಡಿ ಬೇಡ ಅಂತ ವಾಪಸ್ ಬಂದು ಹಿಡಿದಿದ್ದು. ಅಂಥದ್ದನ್ನ ಬಚ್ಚಿಟ್ಟು ನೀವೇ ಬಿಚ್ಚಿ ಬಿಸಾಕಿದ ಕಂಪನಿ ಅಂಗಿ ಹಾಕ್ಕೊಂಡು ಹೆಣ್ಣು ನೋಡೋಕೆ ಹೋಗ್ತಿದ್ದೀರ. ಮದ್ವೆ ಆದ ಮೂರನೇ ದಿನಕ್ಕೆ ಕೊಟ್ಟಿಗೆ ಕಾಣ್ಸುತ್ತಲ್ಲ, ಆ ಹುಡುಗಿ ಗತಿ?

ಇನ್ನೊಂದು. ಹುಡುಗೀರು ಬೇಡ ಅನ್ನೋದು ಮಣ್ಣನ್ನಲ್ಲ, ಬೆಳಿಗ್ಗೆ ಐದಕ್ಕೆ ಶುರುವಾಗೋ ದಿನವನ್ನ. ಸಗಣಿ ಬಾಚಿ ಹಾಲು ಕರೆದು ಬುತ್ತಿ ಹೊತ್ತು ನಾಟಿ ಮಾಡಿ ಕಳೆ ಕಿತ್ತು ಸಂಜೆ ಮತ್ತೆ ಒಲೆ ಮುಂದೆ ಕೂತೋಳನ್ನ ಯಾರಾದ್ರೂ ರೈತ ಅಂತ ಕರೆದಿದ್ದು ನೋಡಿದ್ದೀರಾ? ರೈತನ ಹೆಂಡ್ತಿ ಅಂತಾರೆ. ಬಯೋಡೇಟಾ ಹರಿದು ಹೊಸದು ಬರೆಸಿ. ಬೇಸಾಯ, ಇಷ್ಟು ಜಮೀನು, ಹಾಲಿನ ಡೇರೀಲಿ ತಿಂಗ್ಳಿಗೆ ಇಷ್ಟು ಬರುತ್ತೆ, ಬಂದೋಳು ಕೆಲಸಕ್ಕೆ ಹೋಗ್ತೀನಿ ಅಂದ್ರೆ ಹೋಗ್ಬೋದು, ಮನೆ ಕೆಲಸದಲ್ಲಿ ನಾನು ಇದಿದು ಮಾಡ್ತೀನಿ, ಹೀಗೆ. ಹೆಣ್ಣು ಸಿಕ್ಕೇ ಸಿಗ್ತಾಳೆ ಅಂತ ಗ್ಯಾರಂಟಿ ಕೊಡೋಕೆ ನಾನು ದಲ್ಲಾಳಿ ಅಲ್ಲ. ಆದ್ರೆ ಗಂಡಸುತನವನ್ನ ತಾಳಿ ಕಟ್ಟೋ ಕೈಗೆ ಗಂಟು ಹಾಕಿದ್ದು ನೀವಲ್ಲ, ಮದ್ವೆಮನೆ ಊಟ ಬಿಡ್ಬೇಡಿ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಅಕ್ಕನ ಬಳೆ, ಬಿಂದಿ ಬೇಕು ಅಂತ ಹಟ ಮಾಡ್ತಾನೆ, ಅಡುಗೆ ಸೆಟ್ಟಲ್ಲಿ ಆಡ್ತಾನೆ. ನಮ್ಮೆಜಮಾನ್ರು "ಹುಡುಗಿ ಥರ ಆಡ್ಬೇಡ" ಅಂತ ಗದರ್ತಾರೆ. ಏನಾದ್ರೂ ತೊಂದ್ರೆನಾ? (ಸರಸ್ವತಿಪುರಂ)

ಉತ್ತರ: ಏನೂ ಇಲ್ಲ, ಬಳೆ ಕೊಡಿ. ಎರಡೂವರೆ ಮೂರು ವರ್ಷಕ್ಕೆಲ್ಲಾ ಮಕ್ಕಳು ನಾನು ಹುಡುಗ, ನಾನು ಹುಡುಗಿ ಅಂತ ಹೇಳೋದು ಕಲೀತಾರೆ, ಆದ್ರೆ ಬಟ್ಟೆ ಬದಲಾದ್ರೂ ಅದು ಬದಲಾಗಲ್ಲ ಅಂತ ತಿಳಿಯೋಕೆ ಸಾಮಾನ್ಯವಾಗಿ ಐದು ಆರು ವರ್ಷ ಆಗ್ಬೇಕು. ಅಷ್ಟರವರೆಗೂ ಅವನಿಗೆ ಬಳೆ ಅಂದ್ರೆ ಸದ್ದು ಮಾಡೋ ಬಣ್ಣದ ವಸ್ತು. ಅಂದ್ಹಾಗೆ ನಿಮ್ಮೆಜಮಾನ್ರ ಮನೆ ಹಳೇ ಆಲ್ಬಮ್ ತೆಗೆಸಿ ನೋಡಿ, ನಮ್ಮ ಕಡೆ ಗಂಡುಮಕ್ಕಳಿಗೆ ಮುಡಿ ಕೊಡೋಕೆ ಮುಂಚೆ ಲಂಗ ಹಾಕಿ ಜಡೆ ಹಾಕಿ ಹೂ ಮುಡಿಸಿ ಸ್ಟುಡಿಯೋಗೆ ಕರ್ಕೊಂಡು ಹೋಗಿ ಫೋಟೋ ತೆಗೆಸೋದು ಎಷ್ಟು ಮನೇಲಿಲ್ಲ! ಅವ್ರದ್ದೂ ಒಂದು ಇದ್ರೂ ಇರುತ್ತೆ. ಗದರೋದರಿಂದ ಆಗೋದು ಒಂದೇ, ಹುಡುಗಿ ಥರ ಅಂದ್ರೆ ಏನೋ ಕಮ್ಮಿ ಅಂತ ಮಗ ಕಲೀತಾನೆ, ಪಕ್ಕದಲ್ಲಿ ಕೂತು ಅದನ್ನ ಕೇಳಿಸ್ಕೊಳ್ತಿರೋ ನಿಮ್ಮ ಮಗಳೂ ಕಲೀತಾಳೆ.

ಪ್ರಶ್ನೆ: ನನ್ನ ತಮ್ಮನಿಗೆ 21. ಚಿಕ್ಕಂದಿನಿಂದ್ಲೂ ನಾನು ಹುಡುಗಿ ಅಂತ ಅನ್ಸುತ್ತೆ ಅಂತ ಹೋದ್ತಿಂಗ್ಳು ನನ್ನ ಹತ್ರ ಅತ್ತು ಹೇಳ್ಕೊಂಡ. ಅಪ್ಪ ಅಮ್ಮನಿಗೆ ಗೊತ್ತಾಗಿ ಯಾರೋ ಡಾಕ್ಟರ್ ಸರಿ ಮಾಡ್ತಾರಂತೆ ಅಂತ ಹುಡುಕ್ತಿದ್ದಾರೆ. ಅಕ್ಕ ಆಗಿ ನಾನೇನು ಮಾಡ್ಲಿ? (ಮೈಸೂರು)

ಉತ್ತರ: ಮನೇಲಿ ಮೊದ್ಲು ನಿನ್ನ ಹತ್ರ ಹೇಳ್ಕೊಂಡ್ರು ಅಂದ್ರೆ ಅಕ್ಕನ ಕೆಲಸ ನೀನು ಆಗ್ಲೇ ಅರ್ಧ ಮಾಡಿದ್ದೀಯ.

"ಸರಿ ಮಾಡೋ" ಡಾಕ್ಟರ್ ಬೇಡ. ಇದು ರೋಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ಪಟ್ಟೀಲಿ ಇದನ್ನ ಮಾನಸಿಕ ಕಾಯಿಲೆಗಳ ಸಾಲಿಂದ ಹೊರಗೆ ತೆಗೆದಿದೆ, 2022ರಿಂದ ಅದು ಜಾರಿಗೆ ಬಂತು. ಹೀಗೆ ಬದಲಾಯಿಸ್ತೀನಿ ಅಂತ ಟ್ರೀಟ್‌ಮೆಂಟ್ ಕೊಡೋದನ್ನ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗಾನೇ ಅದೇ ವರ್ಷ ಹೇಳಿದೆ. ಗಂಡು ಹೆಣ್ಣು ಅಥವಾ ಇನ್ನೊಂದು, ತಾನು ಏನು ಅಂತ ಹೇಳ್ಕೊಳೋ ಹಕ್ಕು ಆ ವ್ಯಕ್ತಿಗೇ ಸೇರಿದ್ದು ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲಲ್ಲಿ ತೀರ್ಪು ಕೊಟ್ಟಾಗಿದೆ, 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೆ ಶೇಕಡ 1 ಮೀಸಲಾತಿ ಕೊಡ್ತು. ಇದನ್ನೆಲ್ಲಾ ಯಾಕೆ ಹೇಳ್ದೆ ಅಂದ್ರೆ ನಿಮ್ಮಪ್ಪ ಅಮ್ಮನ ಭಯ ಬಹುಶಃ "ಮುಂದೆ ಹೆಂಗೆ ಬದುಕ್ತಾನೆ, ಬೀದಿ ಪಾಲಾಗ್ತಾನೆ" ಅನ್ನೋದು, ಅದು ಕೋಪದ ವೇಷ ಹಾಕ್ಕೊಂಡು ಬರುತ್ತೆ. ಅವ್ರಿಗೆ ಟ್ರಾನ್ಸ್‌ಜೆಂಡರ್ ಕಲಾವಿದೆ ಜೋಗತಿ ಮಂಜಮ್ಮನವ್ರ ವಿಷ್ಯ ಹೇಳು, ಮನೆ ಬಿಟ್ಟು ಭಿಕ್ಷೆ ಬೇಡಿ ಬದುಕಿದೋರು ನಮ್ಮ ಜಾನಪದ ಅಕಾಡೆಮಿ ಅಧ್ಯಕ್ಷರಾಗಿ 2021ರಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ತಗೊಂಡ್ರು. ಆದ್ರೆ ಪದ್ಮಶ್ರೀ ಬಂದ್ರೆ ಮಾತ್ರ ಮಗು ನಮ್ಮದು ಅನ್ನೋ ಹಾಗೆ ಆಗ್ಬಾರ್ದು, ಅದನ್ನೂ ಹೇಳು. ಮನೆ ಬಿಡೋ ಪರಿಸ್ಥಿತಿ ಬರದ ಹಾಗೆ ನೋಡ್ಕೊಳೋದೇ ಈಗ ನಿನ್ನ ಕೆಲಸ. ರಾತ್ರಿ ಹೊತ್ತು ತೀರಾ ಕುಗ್ಗಿದ್ದು ಕಂಡ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಸರ್ಕಾರದ್ದೇ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನೊಂದು, ನಿನ್ನನ್ನ ಏನಂತ ಕರೀಲಿ ಅಂತ ಕೇಳಿದ್ಯಾ? ಬಹುಶಃ ಒಂದು ಹೆಸರು ಆಗ್ಲೇ ಮನಸ್ಸಲ್ಲಿ ಇದ್ದಿರುತ್ತೆ. ಬಾಗಿಲು ಹಾಕ್ಕೊಂಡು ನೀವಿಬ್ರೇ ಇದ್ದಾಗ ಒಂದು ಸಲ ಆ ಹೆಸರು ಹಿಡಿದು ಕರೆದು ನೋಡು.

ಪ್ರಶ್ನೆ: ಗೃಹಲಕ್ಷ್ಮಿ ಅರ್ಜಿ ಹಾಕಕ್ಕೋದಾಗ ಕಂಪ್ಯೂಟರ್ ಹುಡುಗ "ನೀವೇ ಅಲ್ವೇನಮ್ಮ ಯಜಮಾನಿ" ಅಂದ. ನಂಗೆ ನಗು ಬಂದ್ಬುಡ್ತು. ಅರವತ್ತು ವರ್ಸದಲ್ಲಿ ಯಾರೂ ಅಂಗೆ ಕರ್ದಿರ್ಲಿಲ್ಲ. ಅದು ಬರೀ ಕಾಗದದ ಮಾತೋ ನಿಜವೋ? ಸೊಸೆ ಕೈಲಿ ಬರಸ್ತಿವ್ನಿ. (ಮಂಜನ ತಾಯಿ, ಪಾಂಡವಪುರ ತಾಲ್ಲೂಕು)

ಉತ್ತರ: ಕಾಗದದ್ದೇ ಕಣವ್ವ, ಆದ್ರೆ ಗಟ್ಟಿ ಕಾಗದ. 2013ರ ಆಹಾರ ಭದ್ರತಾ ಕಾಯ್ದೇಲೇ ರೇಷನ್ ಕಾರ್ಡಿಗೆ ಮನೇಲಿರೋ ಹದಿನೆಂಟು ದಾಟಿದ ಹೆಂಗಸರಲ್ಲಿ ಹಿರಿಯೋಳೇ ಮುಖ್ಯಸ್ಥೆ ಅಂತ ಬರೆದ್ರು, ಅದೇ ಕಾರ್ಡ್ ಹಿಡ್ಕೊಂಡು ಗೃಹಲಕ್ಷ್ಮಿ ಬಂತು, 2023ರ ಆಗಸ್ಟ್ 30ಕ್ಕೆ ಇಲ್ಲೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಶುರು ಮಾಡಿದ್ರು. ಅವತ್ತಿನ ಟ್ರಾಫಿಕ್ಕಲ್ಲಿ ನಾನು ಒಂದು ಗಂಟೆ ಆಟೋದಲ್ಲೇ ಕೂತಿದ್ದೆ, ಅದಿರ್ಲಿ. ಎರಡು ಸಾವಿರ ರೂಪಾಯಿ ನಿಮ್ಮ ಅಕೌಂಟಿಗೇ ಬರುತ್ತಲ್ಲ, ಅದನ್ನ ಬಿಡಿಸೋರು ಯಾರು, ಏನಕ್ಕೆ ಖರ್ಚು ಅಂತ ಹೇಳೋರು ಯಾರು? ನೀವೇ ಆಗಿದ್ರೆ ಆ ಹುಡುಗ ಹೇಳಿದ್ದು ನಿಜ. ಮಂಜ ಆಗಿದ್ರೆ ಇನ್ನೂ ಕಾಗದದಲ್ಲೇ ಇದೆ.

ನೀವು ನಕ್ಕಿದ್ದು ನಂಗೆ ಇಷ್ಟ ಆಯ್ತು. ಆದ್ರೆ ಇಡೀ ಪತ್ರ ಎರಡು ಸಲ ಓದ್ದೆ ಕಣವ್ವ, ಮಂಜನ ಹೆಸರಿದೆ, ತಾಲ್ಲೂಕಿನ ಹೆಸರಿದೆ, ನಿಮ್ಮ ಹೆಸರು ಮಾತ್ರ ಸಿಕ್ಲಿಲ್ಲ. ಮುಂದಿನ ಪತ್ರದಲ್ಲಿ ಬರೆಸಿ. ಪತ್ರಿಕೇಲಿ ಹಾಕಲ್ಲ, ನಂಗೆ ಗೊತ್ತಿದ್ರೆ ಸಾಕು.